ಗಂಗರತ್ನಳ ಓದು, ಸುಬ್ಬರಾಯಪ್ಪನವರ ಅರ್ಥ

“ಓದೋರೂ ಒಬ್ರೇ, ಅರ್ಥ ಮಾಡ್ಕೊಳ್ಳೋರೂ ಅವ್ರೇ ಅಂದ್ಮೇಲೆ, ಮಿಕ್ಕೋರು ಏನ್ ಮಾಡ್ಬೇಕು?”

ಕೋದಂಡರಾಮಪ್ಪ ಈ ಪ್ರಶ್ನೆ ಕೇಳಿದ್ದು ಹುಳುಮನೆಯಲ್ಲಿ, ಸೊಪ್ಪಿನ ಮಂಕರಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತು. ರೇಷ್ಮೆಹುಳುಗಳನ್ನು ಬಿಟ್ಟರೆ ಅಲ್ಲಿ ಕೇಳುವವರು ಯಾರೂ ಇರಲಿಲ್ಲ. ಅವು ಮೂರನೇ ಜ್ವರದಿಂದ, ಅಂದರೆ ಮೂರನೇ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಸಿದಿದ್ದವು. ಒಂದು ಹುಳುವೂ ತಲೆಯೆತ್ತಲಿಲ್ಲ.

ಮುದ್ದನಪಲ್ಲಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸೀತು. ಬೈರಕೂರಿನಿಂದ ಆಚೆ ಮಾವಿನ ತೋಪುಗಳನ್ನು ದಾಟಿದರೆ, ಕನ್ನಡ ಮುಗಿದು ತೆಲುಗು ಶುರುವಾಗುವುದಕ್ಕೆ ತುಸು ಮೊದಲು ಸಿಗುವ ಊರು ಅದು. ಊರಿಗೊಂದು ಭಜನೆ ಮಂದಿರ. ಪ್ರತಿ ಶನಿವಾರ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಕಾವ್ಯವಾಚನ. ಚನ್ನರಾಯಪ್ಪ ಹಾರ್ಮೋನಿಯಂ ಒತ್ತಿಕೊಂಡು ರಾಗವಾಗಿ ಪದ್ಯ ಓದುವರು. ಪದ್ಯ ಮುಗಿಯಿತೆಂದರೆ ಅವರು ಕಣ್ಣು ಮುಚ್ಚಿಕೊಳ್ಳುವರು. ಎಡಗಡೆಯ ಮಣೆಯ ಮೇಲೆ ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದ ಸುಬ್ಬರಾಯಪ್ಪನವರು ಆಗ ಕಣ್ಣು ತೆರೆಯುವರು. ಅರ್ಥ ಹೇಳುವುದು ಅವರ ಪಾಲು. ಓದುವವರು ಅರ್ಥಕ್ಕೆ ಕೈ ಹಾಕಬಾರದು, ಅರ್ಥ ಹೇಳುವವರು ರಾಗ ಎತ್ತಬಾರದು. ಹಿಂದೊಮ್ಮೆ ಸುಬ್ಬರಾಯಪ್ಪನವರಿಗೆ ಕೆಮ್ಮು ಹತ್ತಿದ್ದಾಗ ಚನ್ನರಾಯಪ್ಪ ಹೋಗಲಿ ಪಾಪವೆಂದು ಒಂದೇ ಒಂದು ಮಾತಿನ ಅರ್ಥ ಹೇಳಿಬಿಟ್ಟಿದ್ದರು. ಸುಬ್ಬರಾಯಪ್ಪನವರು ಕೆಮ್ಮುತ್ತಲೇ ಎದ್ದುಹೋದವರು, ಊರಿನ ಹಿರಿಯರು ಹೋಗಿ ಕೈಮುಗಿದು ಕರೆಯುವ ತನಕ ಮಂದಿರದ ಮೆಟ್ಟಿಲು ಹತ್ತಲಿಲ್ಲ.

ಇನ್ನು ಸುಬ್ಬರಾಯಪ್ಪನವರ ಅರ್ಥಕ್ಕೆ ತಾನಾಗಿ ಮುಗಿಯುವ ಸ್ವಭಾವವಿರಲಿಲ್ಲ. ಒಂದು ಪದ್ಯದಲ್ಲಿ ಹೊಳೆ ಬಂದರೆ ಅದು ಹುಟ್ಟಿದ ಬೆಟ್ಟ, ಸೇರುವ ಕಡಲು, ನಡುವೆ ಮಿಂದವರ ಪಾಪ, ಎಲ್ಲವೂ ಬರಬೇಕು. ಅದಕ್ಕಾಗಿಯೇ ಹಿರಿಯರು ಒಂದು ಕ್ರಮ ಮಾಡಿದ್ದರು. ತಾವು ಸನ್ನೆ ಮಾಡಿದ ಮೇಲೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಸುಬ್ಬರಾಯಪ್ಪನವರ ಕೈಗೆ ತಾಂಬೂಲ ಕೊಟ್ಟರೆ ಅಂದಿನ ಅರ್ಥ ಮುಗಿಯಿತು. ತಾಂಬೂಲವನ್ನು ಬೇಡವೆನ್ನುವಂತಿಲ್ಲ, ಪಡೆದ ಮೇಲೆ ಅಲ್ಲೇ ಬಾಯಿಗೆ ಹಾಕಿಕೊಳ್ಳದೆ ಇರುವಂತಿಲ್ಲ, ಹಾಕಿಕೊಂಡ ಮೇಲೆ ಮಾತಾಡುವಂತಿಲ್ಲ.

ಆ ತಟ್ಟೆ ಹಿಡಿಯುವ ಗೌರವ ಕೋದಂಡರಾಮಪ್ಪನದು. ಅವನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಪುಸ್ತಕದ ತಂಟೆಗೆ ಹೋದವನಲ್ಲ. ಆದರೆ ಕೇಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಕರುಣೆಯ ಜಾಗದಲ್ಲಿ ಉತ್ತರೀಯದ ತುದಿ ಕಣ್ಣಿಗೆ ಹೋಗುತ್ತಿತ್ತು, ವೀರದ ಜಾಗದಲ್ಲಿ ತೊಡೆ ಅದುರುತ್ತಿತ್ತು, ಮಿಕ್ಕ ಕಡೆಯೆಲ್ಲ ತಲೆ ನಿಧಾನವಾಗಿ ತೂಗುತ್ತಿತ್ತು. ಅವನ ತಲೆ ತೂಗುವುದನ್ನು ನೋಡಿಕೊಂಡೇ ಊರಿನ ಅರ್ಧ ಜನ ತಮ್ಮ ತಲೆ ತೂಗುತ್ತಿದ್ದರು. ಅವನೇನು ನೋಡಿಕೊಂಡು ತೂಗುತ್ತಿದ್ದನೆಂಬುದನ್ನು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

ಅವನ ಒಬ್ಬಳೇ ಮಗಳು ಗಂಗರತ್ನ. ಊರಿನ ಸ್ಕೂಲಿಗೆ ಬೇರೆ ಕಟ್ಟಡವಿರಲಿಲ್ಲವಾಗಿ ಅದೂ ಭಜನೆ ಮಂದಿರದಲ್ಲೇ ನಡೆಯುತ್ತಿತ್ತು. ಅದೇ ಚಾಪೆ, ಅದೇ ದೇವರ ಪಟ, ಗೋಡೆಗೆ ಮಾತ್ರ ಒಂದು ಕರಿಹಲಗೆ. ವಾರವಿಡೀ ಪಾಠ ಓದಿದ ಚಾಪೆಯ ಮೇಲೆ ಶನಿವಾರ ಸಂಜೆ ಅಪ್ಪನ ತೊಡೆಗೊರಗಿ ಆ ಹುಡುಗಿ ಪದ್ಯ ಕೇಳುತ್ತಿದ್ದಳು. ಹೀಗಾಗಿ ಅವಳಿಗೆ ನಾಲ್ಕನೇ ಕ್ಲಾಸಿಗೆ ಬರುವ ಹೊತ್ತಿಗೆ ಓದುವುದೆಂದರೆ ಏನೆಂಬುದು ಸ್ಪಷ್ಟವಾಗಿಬಿಟ್ಟಿತ್ತು.

ಆ ಸ್ಪಷ್ಟತೆಯೇ ತೊಂದರೆಗೆ ಬಂದದ್ದು. ಮುಳಬಾಗಿಲಿನಿಂದ ಬಸ್ಸಿನಲ್ಲಿ ಬಂದುಹೋಗುವ ಟೀಚರು ರಾಮಲಕ್ಷ್ಮಮ್ಮ, ಹುಳುಗಳು ಹಸಿದಿದ್ದ ಆ ದಿನವೇ ಬೆಳಿಗ್ಗೆ ಕೋದಂಡರಾಮಪ್ಪನಿಗೆ ಹೇಳಿಕಳಿಸಿ, ಅವನ ಎದುರಿಗೇ ಹುಡುಗಿಯ ಕೈಗೆ ಒಂದು ಹೊಸ ಪಾಠ ಕೊಟ್ಟಿದ್ದರು. ಒಬ್ಬ ಕುಂಬಾರ ಮಡಕೆ ಹೊತ್ತು ಸಂತೆಗೆ ಹೋಗುತ್ತಾನೆ, ದಾರಿಯಲ್ಲಿ ಮಳೆ ಬರುತ್ತದೆ, ಹಸಿ ಮಡಕೆಗಳು ಕರಗುತ್ತವೆ, ಮನೆಗೆ ಬಂದು ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಾನೆ. ಇಷ್ಟೇ ಪಾಠ. ಗಂಗರತ್ನ ಅದನ್ನು ಎತ್ತಿಕೊಂಡ ರೀತಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಕುಂಬಾರನ ಹೆಂಡತಿ ಬೈಯುವ ಸಾಲನ್ನು ಅವಳು ಎರಡು ಸಲ ತಿರುಗಿಸಿ, ಕೊನೆಯಲ್ಲಿ ಎಳೆದು, ಇಳಿಸಿ, ಕಣ್ಣು ಮುಚ್ಚಿಕೊಂಡಳು. ಕೋದಂಡರಾಮಪ್ಪ ಕಣ್ಣೊರೆಸಿಕೊಂಡ.

“ಸರಿ. ಕುಂಬಾರ ಯಾಕೆ ಬೈಸ್ಕೊಂಡ?” ಎಂದರು ಟೀಚರು.

ಗಂಗರತ್ನ ಕಣ್ಣು ತೆರೆಯಲಿಲ್ಲ. ಸ್ವಲ್ಪ ಹೊತ್ತು ಕಾದಳು. ಯಾರೂ ಏನೂ ಹೇಳದಿದ್ದಾಗ ಒಂದು ಕಣ್ಣು ಮಾತ್ರ ತೆರೆದು ಎಡಗಡೆಯ ಖಾಲಿ ಮಣೆಯತ್ತ ನೋಡಿದಳು.

“ನಾನು ಓದಿದ್ನಲ್ಲ ಟೀಚರಮ್ಮ,” ಎಂದಳು ವಿನಯದಿಂದ. “ಅರ್ಥ ಸುಬ್ರಾಯಪ್ಪ ತಾತ ಹೇಳ್ತಾರೆ.”

ರಾಮಲಕ್ಷ್ಮಮ್ಮ ನಗಲಿಲ್ಲ. ಅವರು ನಗದಿದ್ದುದರಿಂದ ವಿಷಯ ಗಂಭೀರವೆಂದು ಕೋದಂಡರಾಮಪ್ಪನಿಗೆ ಗೊತ್ತಾಯಿತು. ಬರುವ ಶನಿವಾರ ಇನ್‌ಸ್ಪೆಕ್ಟರು ಬರುತ್ತಾರೆ, ಮಕ್ಕಳು ಹಿಂದೆಂದೂ ಓದಿರದ ಯಾವುದಾದರೂ ಬರಹ ಕೊಟ್ಟು ಓದಿಸುತ್ತಾರೆ, ಏನು ಓದಿದೆಯೆಂದು ಕೇಳುತ್ತಾರೆ; ಹೇಳದಿದ್ದರೆ ಮಗು ಇದೇ ಕ್ಲಾಸಿನಲ್ಲಿ ಕೂರಬೇಕಾಗುತ್ತದೆ ಎಂದು ವಿವರಿಸಿ, “ತಾನೇ ಓದ್ಬೇಕು, ತಾನೇ ಅರ್ಥ ಮಾಡ್ಕೋಬೇಕು, ಕೋದಂಡರಾಮಪ್ಪನೋರೆ. ಮನೇಲಿ ಯಾರಾದ್ರೂ ಜತೇಗೆ ಕೂತ್ಕೊಳ್ಳೋರು ಇದಾರಾ?” ಎಂದು ಕೇಳಿದರು.

ಇಲ್ಲವೆಂದು ಹೇಳಿ ಬಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಮಕ್ಕಳೆದುರಿಗೆ, ಕಾವ್ಯ ಕೇಳಿಯೇ ಹೆಸರು ಮಾಡಿದವನು ಇಲ್ಲವೆನ್ನುವುದು ಹೇಗೆ?

“ಬೇರೆಯವ್ರು ಯಾಕೆ ಟೀಚರಮ್ಮ? ನಾನಿದೀನಲ್ಲ. ಬುದ್ಧಿ ಬಂದಾಗಿಂದ ಅರ್ಥ ಕೇಳ್ಕೊಂಡೇ ಬಂದಿರೋ ಕಿವಿ ಇದು,” ಎಂದ.

ಮನೆಯಲ್ಲಿ ಅವನ ತಾಯಿ ದೊಡ್ಡಮುನಿಯಮ್ಮ ವಿಷಯ ಕೇಳಿ ಸಂತೋಷಪಟ್ಟರು. “ಫೇಲಾದ್ರೆ ಒಳ್ಳೇದೇ ಆಯ್ತು ಬಿಡ್ರಾ. ಆಡಪಿಲ್ಲಕ್ಕೆ, ಹೆಣ್ಮಗೂಗೆ, ಅಷ್ಟು ಓದು ಸಾಲ್ದಾ? ನಾಲ್ಕನೇ ಜ್ವರ ಎದ್ಮೇಲೆ ಈ ಹುಳುಗಳ ಹೊಟ್ಟೆ ತುಂಬ್ಸೋರು ಯಾರು? ಒಂದು ಕುಡುಗೋಲು ಕೊಟ್ಟು ತೋಟಕ್ಕೆ ಕಳ್ಸು. ಒಂದೇ ಕ್ಲಾಸಿಗೆ ಎರಡು ಸಲ ಯಾವನು ಕಳ್ಸ್ತಾನೆ?”

ಕೋದಂಡರಾಮಪ್ಪನ ಹೆಂಡತಿ ಅಂಜಮ್ಮ ಒಲೆಯ ಮುಂದಿನಿಂದ ಗಂಡನ ಮುಖ ನೋಡಿದಳು. ಗಂಗರತ್ನ ಕುಡುಗೋಲಿನ ಕಡೆ ನೋಡಿದಳು. ಹುಳುಗಳ ಮುಂದೆ ಕೋದಂಡರಾಮಪ್ಪ ಆ ಪ್ರಶ್ನೆ ಹಾಕಿದ್ದು ಇದಾದ ಮೇಲೆ.

ಅಂದು ಸಂಜೆಯೇ ಅವನು ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಮಗಳನ್ನು ಎದುರಿಗೆ ಕೂರಿಸಿಕೊಂಡು ಅದೇ ಪಾಠ ಓದಿಸಿದ. ಅವಳು ಓದಿ ಕಣ್ಣು ಮುಚ್ಚಿದಳು. ಅವನು ಗಂಟಲು ಸರಿಮಾಡಿಕೊಂಡ. ಅರ್ಥ ಹೇಳಲು ಬಾಯಿ ತೆರೆದ ಕೂಡಲೇ, ಇಷ್ಟು ವರ್ಷ ಕಿವಿಯಿಂದ ಒಳಗೆ ಹೋದದ್ದೆಲ್ಲ ಒಟ್ಟಿಗೆ ಹೊರಟುಬಂತು.

“ಕುಂಬಾರ ಅಂದ್ರೆ ಯಾರು ತಾಯಿ? ಸೃಷ್ಟಿ ಮಾಡೋನು. ಮಡಕೆ ಅಂದ್ರೆ? ಈ ದೇಹ. ಹಸಿ ಮಡಕೆ ಅಂದ್ರೆ ಜ್ಞಾನದ ಬೆಂಕೀಲಿ ಬೇಯ್ದೆ ಇರೋ ದೇಹ. ಸಂತೆ ಅಂದ್ರೆ ಸಂಸಾರ…”

“ಹೆಂಡ್ತಿ ಅಂದ್ರೆ ಅಪ್ಪಾ?”

ಅವನು ಅಡುಗೆಮನೆಯ ಕಡೆ ನೋಡಿ, ಧ್ವನಿ ತಗ್ಗಿಸಿ, “ಮಾಯೆ,” ಎಂದ.

ಮಾರನೆಯ ದಿನ ಕುಂಬಾರ ಬೈಸಿಕೊಂಡದ್ದೇಕೆಂದು ಟೀಚರು ಕೇಳಿದಾಗ ಗಂಗರತ್ನ ಸಂಸಾರವೆಂಬ ಸಂತೆಗೆ ಬೇಯದ ದೇಹವನ್ನು ತಂದದ್ದರಿಂದ ಮಾಯೆ ಸಿಟ್ಟಾದಳೆಂದು ನಿರರ್ಗಳವಾಗಿ ಹೇಳಿದಳಂತೆ. ರಾಮಲಕ್ಷ್ಮಮ್ಮ ಸಂಜೆಯ ಬಸ್ಸು ಬಿಟ್ಟು ಕೋದಂಡರಾಮಪ್ಪನ ಮನೆಯ ಜಗುಲಿಗೆ ಬಂದು ಕೂತರು.

“ನೋಡಿ, ನೀವು ಅರ್ಥ ಹೇಳ್ಬೇಡಿ,” ಎಂದರು. “ಒಂದಕ್ಷರಾನೂ ಹೇಳ್ಬೇಡಿ. ಅವ್ಳು ಓದ್ಲಿ. ಓದಿದ್ಮೇಲೆ ಪುಸ್ತಕ ಮುಚ್ಚಿ. ಯಾರು ಬಂದ್ರು, ಏನಾಯ್ತು ಅಂತ ಅವಳ ಬಾಯಿಂದಾನೇ ಬರ್ಲಿ. ಬರೋತನಕ ನೀವು ಬಾಯಿ ಬಿಡ್ಬಾರ್ದು. ತಿಳೀಲಿಲ್ಲ ಅಂದ್ರೆ ಇನ್ನೊಂದು ಸಲ ಓದ್ಲಿ. ನಿಮ್ಮ ಕೈಲಿ ಸುಮ್ನಿರೋಕಾಗುತ್ತಾ?”

“ಅದೇನ್ ದೊಡ್ಡ ಕೆಲ್ಸ ಟೀಚರಮ್ಮ?”

ದೊಡ್ಡ ಕೆಲಸವೇ ಆಗಿತ್ತು. ಮಗಳು ಓದಿ ಮುಗಿಸಿ ಬೆಪ್ಪಾಗಿ ಕೂತರೆ ಅವನ ನಾಲಗೆಯ ತುದಿಯಲ್ಲಿ ಸೃಷ್ಟಿ, ಸಂಸಾರ, ಮಾಯೆ ಮೂರೂ ಬಂದು ನಿಲ್ಲುತ್ತಿದ್ದವು. ತಡೆಯಲಾರದೆ ಅವನೊಂದು ಉಪಾಯ ಮಾಡಿದ. ಪಾಠಕ್ಕೆ ಕೂರುವ ಮೊದಲು ಎಲೆಯಡಿಕೆಯ ದೊಡ್ಡ ಉಂಡೆಯೊಂದನ್ನು ದವಡೆಗೆ ಸೇರಿಸಿಬಿಡುವುದು.

ಜಗುಲಿಯ ಮೇಲೆ, ವಿಭೂತಿ ಧರಿಸಿ, ಬಾಯಿ ಬಿಗಿದು, ಮಗಳ ಮುಖವನ್ನೇ ನೋಡುತ್ತ ಅಲುಗಾಡದೆ ಕೂತ ಕೋದಂಡರಾಮಪ್ಪನನ್ನು ಮೊದಲು ಕಂಡವಳು ನೀರಿಗೆ ಹೊರಟಿದ್ದ ಎದುರುಮನೆಯ ಆಂಜಿನಮ್ಮ. “ಅಣ್ಣಾ, ಸೊಪ್ಪು ಮಿಕ್ಕಿದ್ಯಾ?” ಎಂದಳು. ಅವನು ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದಳು. ಅವನು ಕಣ್ಣು ಮುಚ್ಚಿ ಕೈ ಎತ್ತಿ ಹೋಗೆಂದು ಸನ್ನೆ ಮಾಡಿದ. ಆಂಜಿನಮ್ಮ ಬಿಂದಿಗೆ ಕೆಳಗಿಟ್ಟು ನಮಸ್ಕಾರ ಮಾಡಿದಳು. ಅವಳು ಬಾವಿಯ ಹತ್ತಿರ ಹೋಗುವ ಹೊತ್ತಿಗೆ ಕೋದಂಡರಾಮಪ್ಪ ಮೌನವ್ರತ ಹಿಡಿದಿದ್ದ. ಬಾವಿಯಿಂದ ಬರುವ ಹೊತ್ತಿಗೆ ಅವನಿಗೆ ಕನಸಿನಲ್ಲಿ ದೇವರು ಬಂದಿದ್ದ. ಮರುದಿನ ಸಂಜೆ ಜಗುಲಿಯ ಕೆಳಗೆ ಮೂವರು ಹೆಂಗಸರು ತೆಂಗಿನಕಾಯಿ ಇಟ್ಟು ಹೋದರು. ಮಾತು ಬರದ ಕೂಸೊಂದನ್ನು ತಂದು ಅವನ ಮುಂದೆ ಮಲಗಿಸಿದರು. ಕೋದಂಡರಾಮಪ್ಪ ಗಾಬರಿಯಿಂದ ತಲೆಯಾಡಿಸಿದ. ಕೂಸು ಕಿರುಚಿಕೊಂಡಿತು. ತಾಯಿ ಕೃತಾರ್ಥಳಾಗಿ ಎತ್ತಿಕೊಂಡು ಹೋದಳು.

“ಏಮ್ರಾ ಇದಿ? ಬದುಕಿರೋ ಮಗನಿಗೆ ಕಾಯಿ ಇಡ್ತಾವ್ರಲ್ಲೋ!” ಎಂದು ದೊಡ್ಡಮುನಿಯಮ್ಮ ಹಣೆ ಚಚ್ಚಿಕೊಂಡರು. ಕಾಯಿಗಳನ್ನು ಮಾತ್ರ ಒಳಗೆ ತೆಗೆದಿಟ್ಟರು.

ಈ ಗದ್ದಲದ ನಡುವೆ ಕೂತು ಗಂಗರತ್ನ ಕುಂಬಾರನನ್ನು ರಾಗವಾಗಿ ಓದಿದಳು. ಅಪ್ಪ ಸುಮ್ಮನಿದ್ದ. “ಏನಪ್ಪಾ ಅದು?” ಎಂದಳು. ಸುಮ್ಮನಿದ್ದ. ಇನ್ನೊಮ್ಮೆ ಓದಿದಳು, ಈ ಸಲ ರಾಗ ಅರ್ಧಕ್ಕೆ ನಿಂತುಹೋಯಿತು. ಮತ್ತೊಂದು ಸಲ ಬೆರಳಿಟ್ಟುಕೊಂಡು, ಪಿಸುಗುಟ್ಟುತ್ತ, ಹುಬ್ಬು ಗಂಟಿಕ್ಕಿ ಓದಿದಳು. ಆಮೇಲೆ ಪುಸ್ತಕವನ್ನು ಟಪ್ಪೆಂದು ಮುಚ್ಚಿ, “ಅಷ್ಟೂ ಗೊತ್ತಾಗಲ್ವಾ ನಿಂಗೆ? ಸುಡ್ದೆ ಇರೋ ಮಡಕೆ ಹೊತ್ಕೊಂಡೋದ. ಮಳೆ ಬಂತು. ಕರಗೋಯ್ತು. ಸುಟ್ಕೊಂಡ್ ಹೋಗಿದ್ರೆ ಕರಗ್ತಿರ್ಲಿಲ್ಲ. ಹೆಂಡ್ತಿ ಬೈದ್ಲು. ಬೈದೆ ಇನ್ನೇನು ಮಾಡ್ತಾಳೆ?” ಎಂದು ಅಪ್ಪನ ಮೇಲೆ ರೇಗಿದಳು.

ಕೋದಂಡರಾಮಪ್ಪನಿಗೆ ಕೂಗಬೇಕೆನ್ನಿಸಿತು. ಬಾಯಲ್ಲಿ ಎಲೆಯಡಿಕೆಯಿತ್ತು. ಕಣ್ಣಿನಿಂದ ನೀರು ಬಂತು. ಇದು ಕರುಣೆಯ ಜಾಗವೋ ವೀರದ ಜಾಗವೋ ತಿಳಿಯದೆ ಬಂದ ಮೊದಲನೆಯ ಕಣ್ಣೀರು ಅದು.

ಅದೇ ಗಳಿಗೆಗೆ ಸುಬ್ಬರಾಯಪ್ಪನವರು ಬಂದರು.

ಸುಬ್ಬರಾಯಪ್ಪನವರು ಆ ದಿನಗಳಲ್ಲಿ ನೆಲದ ಮೇಲೆ ನಡೆಯುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಕೆಲವು ವಾರಗಳ ಹಿಂದೆ ಅವರು ಮಂದಿರದಲ್ಲಿ ಗೋವಿನ ಮಹಿಮೆಯನ್ನು ತಾಂಬೂಲ ಬರುವ ತನಕವೂ ವಿವರಿಸಿ ಮನೆಗೆ ಹೋದ ಮರುದಿನ, ಅವರ ಕೊಟ್ಟಿಗೆಯ ಮುಂದೆ ಒಂದು ಹಸು ತಾನಾಗಿ ಬಂದು ನಿಂತಿತ್ತು. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ಎಡಗೊಂಬು ಒಳಕ್ಕೆ ಬಾಗಿ ಕಿವಿಯನ್ನು ಮುಟ್ಟುತ್ತಿತ್ತು. ಅರ್ಥ ಹೇಳಿದ್ದಕ್ಕೆ ದೇವರು ಕೊಟ್ಟ ಫಲವೆಂದು ಅವರು ಅದಕ್ಕೆ ಆರತಿ ಎತ್ತಿ ಕಟ್ಟಿಹಾಕಿದರು. ಅದರ ಕೊರಳಲ್ಲಿದ್ದ ಹಿತ್ತಾಳೆ ಗಂಟೆಯನ್ನು ತಾವು ಇಟ್ಟುಕೊಳ್ಳುವುದು ಸರಿಯಲ್ಲವೆಂದು ಮಂದಿರಕ್ಕೆ ಒಪ್ಪಿಸಿ ತೊಲೆಗೆ ಕಟ್ಟಿಸಿದರು. ಅಂದಿನಿಂದ ಶನಿವಾರದ ಮಂಗಳಾರತಿಗೆ ಬಾರಿಸುತ್ತಿದ್ದದ್ದು ಅದೇ ಗಂಟೆ. ತೀರ್ಥಕ್ಕೆ ಬೆರೆಸುತ್ತಿದ್ದದ್ದು ಅದೇ ಹಾಲು. ಮುದ್ದನಪಲ್ಲಿಯಲ್ಲಿ ಆ ಹಾಲು ಕುಡಿಯದ ಬಾಯಿರಲಿಲ್ಲ.

“ಏನಯ್ಯಾ ಕೋದಂಡ,” ಎಂದರು ಅವರು, ಜಗುಲಿಯ ಮೇಲೆ ಕೂರದೆಯೇ. “ಮೌನವ್ರತ ಹಿಡ್ದಿದೀಯಂತೆ. ಮೌನದ ಅರ್ಥ ಏನು ಅಂತ ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನಯ್ಯಾ ನಿಂಗೆ?”

ಕೋದಂಡರಾಮಪ್ಪ ತನ್ನ ದವಡೆಯನ್ನು ತೋರಿಸಿದ. ಅದು ಅವರಿಗೆ ತಿಳಿಯಲಿಲ್ಲ. ಗಂಗರತ್ನ ಮೇಲೆದ್ದು, “ಶನಿವಾರ ಇನಿಸ್ಪೆಕ್ಟ್ರು ಬರ್ತಾರೆ ತಾತ. ನಾನು ಓದ್ಬೇಕಂತೆ. ಅರ್ಥ ಕೇಳ್ತಾರಂತೆ,” ಎಂದಳು.

ಸರ್ಕಾರಕ್ಕೂ ಕೊನೆಗೆ ಬುದ್ಧಿ ಬಂತಲ್ಲ ಎಂಬ ಸಮಾಧಾನ ಸುಬ್ಬರಾಯಪ್ಪನವರ ಮುಖದಲ್ಲಿ ಹರಡಿತು. “ಮುದ್ದನಪಲ್ಲೀಲಿ ಅರ್ಥ ಕೇಳೋಕೆ ಬರ್ತಾರೆ ಅಂದ್ರೆ ಅದು ಮಗೂಗಲ್ಲ ಕಣಯ್ಯಾ, ನನಗೆ ಇಟ್ಟಿರೋ ಪರೀಕ್ಷೆ. ಬರ್ತೀನಿ. ನೀನೇನೂ ಯೋಚ್ನೆ ಮಾಡ್ಬೇಡ. ಮಗು ಓದ್ಲಿ, ಮಿಕ್ಕದ್ದು ನನಗೆ ಬಿಡು. ಏನಂತೀಯ?”

ಕೋದಂಡರಾಮಪ್ಪ ಬೇಡವೆನ್ನಬೇಕೆಂದಿದ್ದ. ಬಾಯಿ ತುಂಬಿತ್ತು. ಎದುರಿಗೆ ಸುಬ್ಬರಾಯಪ್ಪನವರ ಧ್ವನಿ ಶನಿವಾರದ ಇಳಿತದಲ್ಲಿ ಬಂದು ನಿಂತಿತ್ತು. ಇಷ್ಟು ವರ್ಷದ ಅಭ್ಯಾಸ. ಅವನ ತಲೆ ತಾನಾಗಿ, ನಿಧಾನವಾಗಿ, ಮೇಲಕ್ಕೂ ಕೆಳಕ್ಕೂ ತೂಗಿತು.

“ಸಂತೋಷ,” ಎಂದು ಅವರು ಹೊರಟುಹೋದರು. ಕೋದಂಡರಾಮಪ್ಪ ಓಡಿಹೋಗಿ ಚರಂಡಿಗೆ ಉಗಿದು ಬರುವ ಹೊತ್ತಿಗೆ ಅವರು ಬೀದಿಯ ತಿರುವು ದಾಟಿ, ಚನ್ನರಾಯಪ್ಪನವರ ಮನೆಯ ಬಾಗಿಲು ತಟ್ಟುತ್ತಿದ್ದರು.

ಹೆಂಡತಿ ಅಂಜಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ನಮ್ ಕೂಸು ತಾನಾಗಿ ಅರ್ಥ ಹೇಳಿದ್ದು ಇವತ್ತೇ ಮೊದ್ಲು,” ಎಂದಳು. “ಅದ್ರ ಬಾಯಿ ಮುಚ್ಸೋಕೆ ನೀವೇ ತಲೆ ಆಡಿಸ್ಬಿಟ್ರಲ್ಲ.”

ಆ ಶನಿವಾರ ಬೆಳಿಗ್ಗೆ ಇನ್‌ಸ್ಪೆಕ್ಟರು ಬೈರಕೂರಿನಲ್ಲಿ ಬಸ್ಸಿಳಿದು, ಬಾಡಿಗೆ ಸೈಕಲ್ ತುಳಿದು, ಬೆವರಿಳಿಸುತ್ತ ಮುದ್ದನಪಲ್ಲಿಯನ್ನು ಮುಟ್ಟಿದಾಗ ಮಂದಿರದ ಬಾಗಿಲಿಗೆ ತೋರಣವಿತ್ತು. ಒಳಗೆ ಮಕ್ಕಳ ಹಿಂದೆ ಊರಿಗೆ ಊರೇ ಕೂತಿತ್ತು. ದೀಪ ಉರಿಯುತ್ತಿತ್ತು. ಚನ್ನರಾಯಪ್ಪ ಹಾರ್ಮೋನಿಯಂ ಮುಂದೆ, ಸುಬ್ಬರಾಯಪ್ಪನವರು ಮಣೆಯ ಮೇಲೆ, ಜರಿ ಶಾಲು ಹೊದ್ದು. ಇಷ್ಟಕ್ಕೂ ನಡುವೆ ರಾಮಲಕ್ಷ್ಮಮ್ಮ ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು, ಮದುವೆ ಮನೆಗೆ ತಪ್ಪಿ ಬಂದವರಂತೆ ನಿಂತಿದ್ದರು.

ಇನ್‌ಸ್ಪೆಕ್ಟರು ಧಾರಾಳ ಮನಸ್ಸಿನವರು. ಇದೆಲ್ಲ ತಮ್ಮ ಗೌರವಕ್ಕೆ ಏರ್ಪಾಡಾದದ್ದೆಂದು ತಿಳಿದು, ಬೇಡವಾಗಿತ್ತು, ಬೇಡವಾಗಿತ್ತು ಎನ್ನುತ್ತ ಹಾರ ಹಾಕಿಸಿಕೊಂಡರು. ಉಳಿದ ಮಕ್ಕಳ ಸರದಿಯೆಲ್ಲ ಮುಗಿದು ಗಂಗರತ್ನಳ ಹೆಸರು ಬಂದಾಗ ಅವರು ತಂದಿದ್ದ ಪುಸ್ತಕದ ಪಾಠಗಳು ಖರ್ಚಾಗಿದ್ದವು. ಸುತ್ತ ನೋಡಿದರು. ಬಾಗಿಲಾಚೆಯ ಗೋಡೆಗೆ ಅಂಟಿಸಿದ್ದ ಅಚ್ಚಿನ ಚೀಟಿ ಕಣ್ಣಿಗೆ ಬಿತ್ತು.

ಆ ಚೀಟಿಯ ವಿಷಯವನ್ನೂ ಹೇಳಬೇಕು. ಯಾರೋ ಸೈಕಲ್ಲಿನಲ್ಲಿ ಬಂದು ಅದನ್ನು ಅಂಟಿಸಿ ಹೋಗಿ ಎಷ್ಟೋ ದಿನವಾಗಿತ್ತು. ಎಪ್ಪತ್ತೇಳನೇ ಇಸವಿ ಅದು. ಸರ್ಕಾರದವರು ಗಂಡಸರನ್ನು ಹಿಡಿದುಕೊಂಡು ಹೋಗಿ ಆಪರೇಷನ್ ಮಾಡಿಸುತ್ತಾರೆಂಬ ಭಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಗೋಡೆಯ ಮೇಲಿನ ಚೀಟಿಯೆಂದರೆ ಕುಟುಂಬ ಯೋಜನೆಯದೇ ಇರಬೇಕೆಂದು ಮುದ್ದನಪಲ್ಲಿಯ ಗಂಡಸರು ಆ ಗೋಡೆಯ ಕಡೆ ಮುಖ ಮಾಡಿ ನಡೆಯುವುದನ್ನೇ ಬಿಟ್ಟಿದ್ದರು. ಗಂಡಸರು ನೋಡದ್ದನ್ನು ಹೆಂಗಸರು ನೋಡುವುದು ಮರ್ಯಾದೆಯಲ್ಲವೆಂದು ಅವರೂ ಬಿಟ್ಟಿದ್ದರು. ಮಕ್ಕಳನ್ನಂತೂ ಆ ಗೋಡೆಯ ಹತ್ತಿರಕ್ಕೇ ಬಿಡುತ್ತಿರಲಿಲ್ಲ. ರಾಮಲಕ್ಷ್ಮಮ್ಮ ಓದಿದ್ದರು, ಬಸ್ಸಿನಲ್ಲಿ ಬಂದುಹೋಗುವವರಿಗೆ ಊರಿನ ಕೊಟ್ಟಿಗೆಗಳ ಪರಿಚಯವೆಲ್ಲಿ?

ಇನ್‌ಸ್ಪೆಕ್ಟರು ಚೀಟಿಯನ್ನು ಮೆಲ್ಲಗೆ ಬಿಡಿಸಿ ತಂದು ಹುಡುಗಿಯ ಕೈಗಿತ್ತರು. “ಇದನ್ನು ಓದಮ್ಮ.”

ಗಂಡಸರೆಲ್ಲ ನೆಲ ನೋಡಿದರು. ಚನ್ನರಾಯಪ್ಪ ಶ್ರುತಿ ಹಿಡಿದರು. ಶ್ರುತಿ ಕಿವಿಗೆ ಬಿದ್ದ ಮೇಲೆ ಗಂಗರತ್ನಳ ಕೈಯಲ್ಲೇನಿದೆ? ಎತ್ತಿಕೊಂಡಳು.

“ಬೈರಕೂರು ಸಂತೆಯ ದಿನ… ಕಂದು ಬಣ್ಣದ ಹಸುವೊಂದು… ಹಗ್ಗ ಕಿತ್ತುಕೊಂಡು ಹೋಗಿರುತ್ತದೆ… ಎಡಗೊಂಬು ಒಳಕ್ಕೆ ಬಾಗಿರುತ್ತದೆ… ಹಣೆಯಲ್ಲಿ ಬಿಳಿ ಚುಕ್ಕೆ… ಕೊರಳಲ್ಲಿ ಹಿತ್ತಾಳೆಯ ಗಂಟೆ… ಕಂಡವರು ಸಂತೆಬೀದಿಯ ಮುನಿಶಾಮಿಗೆ… ತಿಳಿಸಬೇಕಾಗಿ ಪ್ರಾರ್ಥನೆ…”

ಪ್ರಾರ್ಥನೆಯೆಂಬ ಮಾತನ್ನು ಅವಳು ಮೇಲಿನಿಂದ ಇಳಿಸಿ ತಂದ ಬಗೆಗೆ ಎದುರುಮನೆಯ ಆಂಜಿನಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಗಂಗರತ್ನ ಕಣ್ಣು ಮುಚ್ಚಿದಳು. ಸುಬ್ಬರಾಯಪ್ಪನವರು ಕಣ್ಣು ತೆರೆದರು.

“ಹಸು ಅಂದರೆ ಯಾರು, ಮಹನೀಯರೇ?” ಎಂದು ಆರಂಭಿಸಿದರು. “ಹಸುವೇ ಈ ಜೀವ. ಸಂತೆ ಯಾವುದು? ಸಂಸಾರ. ಹಗ್ಗವೆಂದರೆ ಗುರುವಿನ ಉಪದೇಶ. ಅದನ್ನು ಕಿತ್ತುಕೊಂಡು ಹೋದ ಜೀವಕ್ಕೆ ಗತಿಯುಂಟೆ? ಎಡಗೊಂಬು ಬಾಗಿದೆ ಎಂದ ಕವಿ. ಬಲಗೊಂಬನ್ನೇಕೆ ಹೇಳಲಿಲ್ಲ? ಅಲ್ಲಿದೆ ರಹಸ್ಯ! ಧರ್ಮ ನೆಟ್ಟಗಿದೆ, ಬಾಗಿದ್ದು ಅಹಂಕಾರ…”

ಜನ ಮೈಮರೆತರು. ಇನ್‌ಸ್ಪೆಕ್ಟರೂ, “ಭೇಷ್, ಎಡಗೊಂಬು!” ಎಂದುಬಿಟ್ಟರು. ಗಂಟೆಯೆಂದರೆ ಓಂಕಾರವೆನ್ನುವ ಹೊತ್ತಿಗೆ ಹಿಂದಿನ ಸಾಲಿನ ಹೆಂಗಸರು ಅಳತೊಡಗಿದ್ದರು. ಆ ಹಸುವಿನ ಹಾಲನ್ನು ದಿನವೂ ಕುಡಿಯುತ್ತಿದ್ದವರು, ಆ ಗಂಟೆಯ ಕೆಳಗೇ ಕೂತಿದ್ದವರು, ಕಳೆದುಹೋದ ಜೀವಕ್ಕಾಗಿ ಕಣ್ಣೀರು ಸುರಿಸಿದರು. ಎಲ್ಲರೂ ತಲೆ ತೂಗಲು ಕೋದಂಡರಾಮಪ್ಪನ ಕಡೆ ನೋಡಿದರು.

ಅವನ ತಲೆ ತೂಗಲಿಲ್ಲ. ಅವನು ಮಗಳನ್ನು ನೋಡುತ್ತಿದ್ದ. ಗಂಗರತ್ನ ಆಗಲೇ ಕಣ್ಣು ತೆರೆದಿದ್ದಳು. ಚೀಟಿಯ ಮೇಲೆ ಬೆರಳಿಟ್ಟು, ಹುಬ್ಬು ಗಂಟಿಕ್ಕಿ, ಪಿಸುಗುಟ್ಟುತ್ತ ಎರಡನೇ ಸಲ ಓದುತ್ತಿದ್ದಳು. ಆಮೇಲೆ ಮಾತಾಡಲು ಬಾಯಿ ತೆರೆದಳು. ಸುಬ್ಬರಾಯಪ್ಪನವರು ಬಾಲದ ತತ್ತ್ವಕ್ಕೆ ಬಂದಿದ್ದರಿಂದ ಜಾಗ ಸಿಗದೆ ಮುಚ್ಚಿದಳು. ಇನ್ನೊಮ್ಮೆ ತೆರೆದಳು. ಮುಚ್ಚಿದಳು. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು ಏನೋ ಬರೆಯಲು ಬಗ್ಗಿದರು. ದೊಡ್ಡಮುನಿಯಮ್ಮ ಸೊಸೆಯ ಕಿವಿಯಲ್ಲಿ ಕುಡುಗೋಲಿಗೆ ಹೊಸ ಹಿಡಿ ಹಾಕಿಸಬೇಕೆಂದರು.

ಕೋದಂಡರಾಮಪ್ಪ ಎದ್ದ. ದೇವರ ಪಟದ ಮುಂದೆ ಸಂಜೆಯ ವಾಚನಕ್ಕೆಂದು ಸಿದ್ಧಮಾಡಿಟ್ಟಿದ್ದ ತಟ್ಟೆಯನ್ನು ಎತ್ತಿಕೊಂಡ. ಅಷ್ಟು ಜನರ ನಡುವೆ ನಡೆದುಬಂದು, ಇನ್ನೂ ಬಾಲದಲ್ಲೇ ಇದ್ದ ಸುಬ್ಬರಾಯಪ್ಪನವರ ಮುಂದೆ ಮಂಡಿಯೂರಿ, ತಾಂಬೂಲ ಚಾಚಿದ.

ಹಿರಿಯರ ಸನ್ನೆಯಿಲ್ಲದೆ ತಾಂಬೂಲ ಕೊಟ್ಟದ್ದನ್ನು ಆ ಊರು ಕಂಡಿರಲಿಲ್ಲ. ಸುಬ್ಬರಾಯಪ್ಪನವರು ತಟ್ಟೆಯನ್ನು ನೋಡಿದರು, ಕೋದಂಡರಾಮಪ್ಪನನ್ನು ನೋಡಿದರು. ತಾಂಬೂಲವನ್ನು ಬೇಡವೆನ್ನುವಂತಿಲ್ಲ. ತೆಗೆದುಕೊಂಡರು. ಬಾಯಿಗೆ ಹಾಕಿಕೊಂಡರು. ಇನ್ನು ಮಾತಾಡುವಂತಿಲ್ಲ.

“ಈಗ ನೀನು ಹೇಳು ಗಂಗರತ್ನ,” ಎಂದರು ರಾಮಲಕ್ಷ್ಮಮ್ಮ. “ಏನಾಯ್ತು?”

“ಅದು ಜೀವ ಅಲ್ಲ ಟೀಚರಮ್ಮ, ಹಸು,” ಎಂದಳು ಗಂಗರತ್ನ. “ಕಳ್ದೋಗಿದೆ. ಸಂತೆಬೀದಿ ಮುನಿಶಾಮಿಯೋರ್ದು. ಪಾಪ, ಹುಡುಕ್ತಾ ಇದಾರೆ.” ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಹುಡುಗಿಗೆ ಓದಿದ್ದು ಪೂರ್ತಿ ಅರ್ಥವಾಗಿಬಿಟ್ಟಿತ್ತು. “ಆದ್ರೆ ಹುಡುಕೋದು ಯಾಕೆ? ಸುಬ್ರಾಯಪ್ಪ ತಾತನ ಕೊಟ್ಟಿಗೇಲೇ ಇದ್ಯಲ್ಲ. ಎಡಗೊಂಬು ಬಾಗಿದೆ, ಹಣೇಲಿ ಚುಕ್ಕೆ ಇದೆ.” ಆಮೇಲೆ ತಲೆಯೆತ್ತಿ ತೊಲೆಯ ಕಡೆ ಕೈ ತೋರಿಸಿದಳು. “ಗಂಟೆ ಅಲ್ಲಿದೆ.”

ಊರಿಗೆ ಊರೇ ಕತ್ತೆತ್ತಿ ಗಂಟೆಯನ್ನು ನೋಡಿತು. ಸುಬ್ಬರಾಯಪ್ಪನವರು ಏನೋ ಹೇಳಲು ಬಾಯಿ ತೆರೆದರು. ಎಲೆಯಡಿಕೆಯ ರಸ ಗಂಟಲಿಗೆ ಇಳಿದು ಕೆಮ್ಮು ಹತ್ತಿತು. ಈ ಸಲ ಅವರ ಕೆಮ್ಮಿನ ನಡುವೆ ಯಾರೂ ಅರ್ಥ ಹೇಳುವ ಸಾಹಸ ಮಾಡಲಿಲ್ಲ.

ಹಸುವನ್ನು ಅಂದೇ ಮಧ್ಯಾಹ್ನ ಮುನಿಶಾಮಿ ಬಂದು ಹೊಡೆದುಕೊಂಡು ಹೋದ. ಮಂದಿರದ ತೊಲೆಯಿಂದ ಗಂಟೆಯನ್ನು ಚನ್ನರಾಯಪ್ಪ ಬಿಚ್ಚಿಕೊಟ್ಟರು. ಇನ್‌ಸ್ಪೆಕ್ಟರು ಗಂಗರತ್ನಳನ್ನು ಐದನೇ ಕ್ಲಾಸಿಗೆ ಹಾಕಿ, ಹಾರವನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು, ಯಾವುದೋ ಯೋಚನೆಯಲ್ಲಿ ಬೈರಕೂರಿನ ಕಡೆ ತುಳಿದರು. ದೊಡ್ಡಮುನಿಯಮ್ಮ ಕುಡುಗೋಲನ್ನು ಮಗನ ಕೈಗೇ ಕೊಟ್ಟರು. “ಇದು ಬಲು ಕಿಲಾಡಿ ಹುಡುಗಿ ಕಣೋ. ಓದ್ಕೊಳ್ಳಿ ಬಿಡು. ಸೊಪ್ಪಿಗೆ ನೀನೇ ಹೋಗು, ಹೆಂಗೂ ಮೌನವ್ರತ,” ಎಂದರು.

ಆ ಸಂಜೆ ವಾಚನ ನಡೆಯಲಿಲ್ಲ. ಮುಂದಿನ ಶನಿವಾರ ಮಂದಿರದಲ್ಲಿ ಜನ ಎಂದಿನಂತೆ ಸೇರಿದರು. ಮಣೆ ಖಾಲಿಯಿತ್ತು. ಹಿರಿಯರು ಹೋಗಿ ಕೈಮುಗಿದಿದ್ದರು. ಸುಬ್ಬರಾಯಪ್ಪನವರು ಒಳಗಿನಿಂದಲೇ, ಅರ್ಥ ಬೇಕಾದವರು ಮಕ್ಕಳ ಹತ್ತಿರ ಕೇಳಿಕೊಳ್ಳಲಿ ಎಂದಿದ್ದರಂತೆ. ಚನ್ನರಾಯಪ್ಪ ಆದದ್ದಾಗಲೆಂದು ಒಂದು ಪದ್ಯ ಓದಿ ಕಣ್ಣು ಮುಚ್ಚಿಕೊಂಡರು.

ಆಮೇಲೆ ಏನೂ ಆಗಲಿಲ್ಲ. ದೀಪದ ಬತ್ತಿ ಚಟಪಟ ಎಂದಿತು. ಹಾರ್ಮೋನಿಯಂ ತಿದಿಯಿಂದ ಉಳಿದ ಗಾಳಿ ಸುಯ್ಯೆಂದು ಹೋಯಿತು. ಜನ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಎಲ್ಲರೂ ಕೋದಂಡರಾಮಪ್ಪನ ಕಡೆ ತಿರುಗಿದರು.

“ನೀನೇ ಹೇಳಣ್ಣ,” ಎಂದಳು ಎದುರುಮನೆಯ ಆಂಜಿನಮ್ಮ. “ಈ ಊರಲ್ಲಿ ನಿನ್ನಷ್ಟು ಕೇಳ್ದೋರು ಇನ್ಯಾರಿದಾರೆ?”

ಕೋದಂಡರಾಮಪ್ಪ ತಲೆ ತೂಗಿದ. ಜನ ಕಾದರು. ಇನ್ನಷ್ಟು ನಿಧಾನವಾಗಿ ತೂಗಿದ.

“ತಲೆ ಆಡ್ಸಿದ್ದು ಸಾಕು, ಬಾಯಿ ಬಿಡ್ರಾ,” ಎಂದರು ದೊಡ್ಡಮುನಿಯಮ್ಮ ಕಂಬದ ಹಿಂದಿನಿಂದ.

ಬುದ್ಧಿ ಬಂದಾಗಿನಿಂದ ಅವನು ಆ ಪದ್ಯಕ್ಕೆ ಕಣ್ಣೊರೆಸಿಕೊಂಡಿದ್ದ. ಎಲ್ಲಿ ಒರೆಸಿಕೊಳ್ಳಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಯಾಕೆಂಬುದು ಮಾತ್ರ, ಈಗ ಒಳಗೆ ಹುಡುಕಿದರೆ, ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅವನು ಕಿವಿಯ ತನಕ ಬೆವತು, ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ಬಾಗಿ, ಯಾರಿಗೂ ಕೇಳಿಸದಂತೆ, “ತಾಯಿ, ಏನಮ್ಮಾ ಅದು? ಒಂಚೂರು ಹೇಳು,” ಎಂದ.

ಗಂಗರತ್ನ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು. ಎದ್ದು ಹೋಗಿ ಚನ್ನರಾಯಪ್ಪನವರ ಮುಂದಿದ್ದ ದೊಡ್ಡ ಪುಸ್ತಕವನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದಳು. ತೆರೆದ ಪುಟ ಮಗುಚದಂತೆ ಜೋಪಾನವಾಗಿ ಅಪ್ಪನ ತೊಡೆಯ ಮೇಲಿಟ್ಟಳು. ಅವನ ತೋರುಬೆರಳನ್ನು ಹಿಡಿದು ಮೊದಲನೆಯ ಅಕ್ಷರದ ಮೇಲೆ ಊರಿ, ಪಕ್ಕದಲ್ಲಿ ನೆಟ್ಟಗೆ ಕೂತು, ಬಾಯಿ ಬಿಗಿದುಕೊಂಡಳು.

“ಹೇಳಮ್ಮಾ. ಇಷ್ಟು ಜನ ಕಾಯ್ತಾವ್ರೆ.”

“ಊಹೂಂ,” ಎಂದಳು ಗಂಗರತ್ನ. “ನಾನು ಹೇಳಲ್ಲ.”